ಮೂತಿಯ ಕಡೆ ನಿಂತು ನೋಡಿದ ರೆಕ್ಕೆ

ಬುಧವಾರ
ಸಂಘದ ಕೋಣೆಯಿಂದ

ನನ್ನ ಮಗನ ಅಪ್ಪನಿಗೆ,

ಕ್ಷೇಮ ಕೇಳುವುದಿಲ್ಲ. ಊಟಕ್ಕೆ ಕರೆದರೆ ಎದ್ದು ಬರುತ್ತೀರಂತೆ, ಉಳಿದ ಹೊತ್ತು ಗೋಡೆಗೆ ಮುಖ ಮಾಡಿ ಮಲಗಿರುತ್ತೀರಂತೆ. ನಿಮ್ಮ ಅಕ್ಕ ಹೇಳಿದರು. ನಾನು ಮಾಡುವ ಫೋನನ್ನು ನೀವು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿಯುವುದಿದ್ದರೆ ಓದಿ ಹರಿಯಿರಿ.

ಮೊದಲು, ಕೊಡುತ್ತೇವೆ ಅಂದದ್ದು ಏನು, ಸಿಕ್ಕಿದ್ದು ಏನು ಎಂದು ಹೇಳಿಬಿಡುತ್ತೇನೆ. ತನಿಖೆಯ ಪೂರ್ತಿ ವರದಿ ಕೊಡುತ್ತೇವೆ ಅಂದರು ವಾಯುನೆಲೆಯವರು. ಒಂದು ಹಾಳೆ ಕೊಟ್ಟರು, ಅದರಲ್ಲಿ ನಮ್ಮ ಹುಡುಗನ ಹೆಸರಿನ ಪಕ್ಕ 'ನಿರ್ಲಕ್ಷ್ಯ' ಅಂತ ಒಂದು ಪದ. ಬಿದ್ದ ವಿಮಾನದ ತುಂಡುಗಳನ್ನು ತೋರಿಸುತ್ತೇವೆ ಅಂದರು. ಗೇಟಿನಲ್ಲೇ ನಿಲ್ಲಿಸಿ ವಾಪಸ್ಸು ಕಳಿಸಿದರು. ಅವನ ಪೆಟ್ಟಿಗೆ, ಬಟ್ಟೆಬರೆ ಮನೆಗೆ ಬರುತ್ತವೆ ಅಂದರು. ಯಾರದ್ದೋ ಬೂಟು ಬಂತು. ಸತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತುವಾಗ ಇವನದ್ದೂ ಇರುತ್ತದೆ ಅಂದರು; ಪೈಲಟ್ ಹುಡುಗನ ಹೆಸರು ಕೆತ್ತಿದರು, ಅದರ ಕೆಳಗೆ ಕಲ್ಲನ್ನು ನುಣ್ಣಗೆ ಬಿಟ್ಟರು. ದೊಡ್ಡ ಸಾಹೇಬರು ಖುದ್ದು ಭೇಟಿಯಾಗುತ್ತಾರೆ ಅಂದರು. ಅವರ ಕಾರಿನ ಧೂಳು ಭೇಟಿಯಾಯಿತು. ಇನ್ನು ನೀವು. ಕೊನೇತನಕ ನಿನ್ನ ಪಕ್ಕ ನಿಂತಿರ್ತೀನಿ ಕಣೇ ಅಂದಿರಿ. ಅದನ್ನೂ ಇದೇ ಸಾಲಿಗೆ ಸೇರಿಸಿದ್ದೇನೆ.

ನಡೆದದ್ದನ್ನು ನಾವಿಬ್ಬರೂ ಒಂದು ಸಲವೂ ಬಾಯಿಬಿಟ್ಟು ಮೊದಲಿಂದ ಕೊನೆಯವರೆಗೆ ಹೇಳಿಕೊಂಡಿಲ್ಲ. ಒಬ್ಬರ ಬಾಯನ್ನು ಇನ್ನೊಬ್ಬರು ಮುಚ್ಚಿಸುತ್ತ ಬಂದೆವು. ಈಗ ನೀವು ಮುಚ್ಚಿಸುವುದಕ್ಕೆ ಇಲ್ಲಿಲ್ಲ.

ವಿಮಾನ ನೆಲ ಬಿಟ್ಟಿತು. ಪೈಲಟ್ ಒಂದು ಕಡೆಗೆ ವಾಲಿಸಲು ನೋಡಿದ, ಅದು ಇನ್ನೊಂದು ಕಡೆಗೆ ವಾಲಿತು, ಮಗುಚಿತು, ರಿಪೇರಿ ಶೆಡ್ಡಿನ ಮೇಲೆ ಬಿತ್ತು. ಒಳಗಿದ್ದ ಪೈಲಟ್ ಸತ್ತ. ತಾನು ಸಿದ್ಧಮಾಡಿದ ವಿಮಾನ ಏರುವುದನ್ನು ನೋಡುತ್ತ ಶೆಡ್ಡಿನ ಹೊರಗೆ ನಿಂತಿದ್ದ ನಮ್ಮ ಹುಡುಗನೂ ಸತ್ತ. ರೆಕ್ಕೆಯ ಹಿಂಬದಿಯ ಪಟ್ಟಿಯನ್ನು ಎತ್ತಿ ಇಳಿಸುವ ತಂತಿಯನ್ನು ಅವನು ಅಡ್ಡ ಕಟ್ಟಿದ್ದ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಎಂದು ಅವರು ಹೇಳಿದರು. ಸಾಧ್ಯವೇ ಇಲ್ಲ ಎಂದು ನಾವು ಹೇಳಿದೆವು. ಹಲ್ಲುಜ್ಜುವ ಬ್ರಷ್ಷನ್ನೂ ತಲೆಕೆಳಗಾಗಿ ಇಡದವನು! ನಿಮ್ಮ ಲೇತ್ ಮೆಷಿನ್ನಿನ ಪಕ್ಕ ಬೆಳೆದವನು! ಇಂಥದೇ ವಿಮಾನಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಬೇರೆ ಮನೆಯವರ ಜೊತೆ ಸಂಘ ಕಟ್ಟಿದೆವು, ನನ್ನನ್ನು ಅಧ್ಯಕ್ಷೆ ಮಾಡಿದರು, ಹಳೇ ಯಂತ್ರ ನಮ್ಮ ಮಕ್ಕಳನ್ನು ಕೊಂದಿತು ಎಂದು ಗೇಟಿನ ಮುಂದೆ ಗಂಟಲು ಹರಿದುಕೊಂಡೆವು. ಪೈಲಟ್ ಹುಡುಗನ ಅಮ್ಮ, ನಮ್ಮ ಟೀಚರಮ್ಮ, ತಾವಾಗೇ ಬಂದು ನನ್ನ ಪಕ್ಕ ಕೂತರು. ನೆನಪಿದೆಯಾ ಅವತ್ತು ಅವರು ಅಂದದ್ದು? "ನಿಮ್ಮ ಮಗನ ಕೈ ತಪ್ಪು ಮಾಡಿಲ್ಲ ಅಂತ ನೀವು ಹೇಳಿ, ನನಗೆ ಅಷ್ಟು ಸಾಕು." ನಾನು ಹೇಳಿದೆ. ನಂಬಿಯೇ ಹೇಳಿದೆ.

ಆಮೇಲೆ ನೀವು ಆ ಡಬ್ಬ ತಂದಿರಿ. ಬಾಗಿಲಲ್ಲಿ ತೂರದೆ, ಕಿಟಕಿಯ ಚೌಕಟ್ಟು ಬಿಚ್ಚಿ ಒಳಗೆ ತಂದ ಡಬ್ಬ. ರಿಮೋಟಿನಿಂದ ಹಾರಿಸುವ ಯುದ್ಧವಿಮಾನ, ಬಿಡಿಬಿಡಿ ಭಾಗಗಳಲ್ಲಿ. ನಾನು ರೇಗಿದೆ. ಮಗನನ್ನು ಕೊಂದ ಕತ್ತಿಗೆ ಹಿಡಿ ಹಾಕುತ್ತ ಕೂತಿದ್ದೀರಾ ಅಂದೆ. ಅಲ್ಲಿ ಜನ ಬಿಸಿಲಲ್ಲಿ ಧರಣಿ ಕೂತರೆ ಇಲ್ಲಿ ಯಜಮಾನರಿಗೆ ಆಟದ ಸಾಮಾನು ಅಂದೆ. ನೀವು ತಲೆ ಎತ್ತಲಿಲ್ಲ. "ಇದು ಆಟಿಕೆ ಅಲ್ಲ ಕಣೇ, ಸಾಕ್ಷಿ. ಅವನ ವಿಮಾನದಲ್ಲಿ ಹೇಗಿತ್ತೋ ಹಾಗೇ ಮಾಡ್ತೀನಿ. ಬುದ್ಧಿ ನೆಟ್ಟಗಿರೋ ಯಾವನೂ ಆ ತಂತೀನ ಅಡ್ಡ ಕಟ್ಟೋಕೆ ಆಗಲ್ಲ ಅಂತ ಎಲ್ಲರ ಮುಂದೆ ಹಾರಿಸಿ ತೋರಿಸ್ತೀನಿ."

ಸಾಕ್ಷಿ ಅಂದ ಮೇಲೆ ನಾನೂ ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ, ಆಸೆಪಟ್ಟೆ. ಅವನ ಕೋಣೆಯ ಮಂಚ ಎದ್ದು ಗೋಡೆಗೆ ನಿಂತಿತು. ಮಂಚಕ್ಕಿಂತ ಉದ್ದದ ರೆಕ್ಕೆ ಎರಡು ಸ್ಟೂಲಿನ ಮೇಲೆ ಮಲಗಿತು. ಮನೆಯೆಲ್ಲ ಅಂಟಿನ ವಾಸನೆ, ಮರದ ಹೊಟ್ಟು. ಕಂಪನಿಯವನು ಕೊಟ್ಟ ಮೂತಿ ಗಿಡ್ಡ ಎಂದು ಅದನ್ನು ಕೊಯ್ದು ಬೇರೆ ಮರ ಕೂಡಿಸಿ ಉಜ್ಜಿ ಉದ್ದಮಾಡಿದಿರಿ. ಇಂಜೆಕ್ಷನ್ ಸಿರಿಂಜಿನಲ್ಲಿ ಅಂಟು ತುಂಬಿ, ಮೈಮೇಲೆಲ್ಲ ಒಂದೊಂದೇ ಹನಿ ಇಟ್ಟು ರಿವೆಟ್ಟಿನ ತಲೆಗಳನ್ನು ಎಬ್ಬಿಸಿದಿರಿ. ಹೊಸ ಬಣ್ಣ ಹೊಸದಾಗಿ ಕಾಣಬಾರದು ಎಂದು ನನ್ನ ಪಾತ್ರೆ ಉಜ್ಜುವ ನಾರನ್ನೇ ಕದ್ದು ತಿಕ್ಕಿದಿರಿ. ಹೊಗೆ ಕಾರುವ ಕಡೆ ಪೆನ್ಸಿಲ್ ಸೀಸದ ಪುಡಿ ಬಳಿದಿರಿ. ಆ ವಿಮಾನದ ನಂಬರನ್ನೇ ಬಾಲಕ್ಕೆ ಬರೆದಿರಿ. ಒಂದು ಸಂಜೆ ಅಂಟು ಒಣಗುವವರೆಗೆ ರೆಕ್ಕೆಯ ತುದಿಯನ್ನು ಹಿಡಿದುಕೋ ಅಂದಿರಿ. ಹಿಡಿದುಕೊಂಡೆ. ಕೈ ಜೋಮು ಹಿಡಿಯಿತು. ನೀವು ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಅವನು ಹೋದ ಮೇಲೆ ನಾವಿಬ್ಬರೂ ಸೇರಿ ಒಂದೇ ವಸ್ತುವನ್ನು ಹಿಡಿದದ್ದು ಅದೇ ಮೊದಲು, ಅದೇ ಕೊನೆ.

ಡಬ್ಬದಲ್ಲಿ ಬಂದ ಹಾಗೆ ಬಿಟ್ಟಿದ್ದರೆ ಅದು ಸುಮ್ಮನೆ ಹಾರುತ್ತಿತ್ತು. ರೆಕ್ಕೆಗೊಂದು ಪುಟ್ಟ ಮೋಟಾರು, ಮೋಟಾರಿಗೊಂದು ಕಡ್ಡಿ, ತಪ್ಪುವುದಕ್ಕೆ ದಾರಿಯೇ ಇರಲಿಲ್ಲ. ಅದನ್ನು ಕಿತ್ತು ಹಾಕಿದಿರಿ. ಹೊಟ್ಟೆಯೊಳಗೆ ಒಂದು ಮೋಟಾರು ಕೂರಿಸಿ, ಅಲ್ಲಿಂದ ರಾಟೆಗಳ ಮೇಲೆ ಎರಡೂ ರೆಕ್ಕೆಗೆ ತಂತಿ ಎಳೆದಿರಿ, ನಿಜವಾದ ವಿಮಾನದಲ್ಲಿ ಇದ್ದ ಹಾಗೆ. ಕಟ್ಟಿ ಮುಗಿಸಿ, ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿ, ಪಟ್ಟಿ ಎದ್ದದ್ದನ್ನು ನೋಡಿ, ಸರಿ ಇದೆ ಅಂದಿರಿ. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ಬಸ್ ಡಿಪೋ ಹಿಂದಿನ ಬಯಲು. ಸಂಘದವರೆಲ್ಲ ಬಂದಿದ್ದರು. ಅಲ್ಲಿ ವಾರವಾರ ಮಾದರಿ ವಿಮಾನ ಹಾರಿಸುವವರ ಗುಂಪಿನ ಮುಖಂಡ, ಆ ಮೂಗಿಗೆ ಎಲ್ಲರೂ ಗರುಡ ಅಂತ ಕರೆಯುತ್ತಾರಲ್ಲ, ಅವನು ಓಡಿಬಂದ. "ಅಣ್ಣಾ, ಬಾಲದ ಹಿಂದೆ ನಿಂತ್ಕೊಂಡು ನಾನೊಂದ್ಸಲ ನೋಡ್ಬಿಡ್ತೀನಿ. ಮಾಡಿದವನೇ ನೋಡಂಗಿಲ್ಲ, ಇಲ್ಲಿ ಎಲ್ಲರಿಗೂ ಅದೇ ನೇಮ." ನೀವು ಅಂದಿರಿ: "ನಾನು ಫಿಟ್ಟರ್ ಕೆಲಸಕ್ಕೆ ಸೇರಿದಾಗ ನೀನಿನ್ನೂ ಚಡ್ಡಿ ಹಾಕ್ತಿರಲಿಲ್ಲ ಮರಿ. ಮನೇಲೇ ನೋಡಿ ಆಗಿದೆ." ಎಲ್ಲರೂ ನಕ್ಕರು. ದೂರದಲ್ಲಿ ಮರದ ಕೆಳಗೆ ಕೂತಿದ್ದ ಟೀಚರಮ್ಮನೂ ನಕ್ಕರು. ಮಗ ಹೋದ ಮೇಲೆ ಅವರ ಹಲ್ಲು ನೋಡಿದ್ದು ನಾನು ಅವತ್ತೇ.

ಏರಿತು. ಸುಳ್ಳು ಹೇಳುವುದಿಲ್ಲ, ಎಷ್ಟು ಚೆಂದ ಏರಿತು! ಗಾಳಿ ಬೀಸಿ ಒಂಚೂರು ಎಡಕ್ಕೆ ವಾಲಿತು. ನೆಟ್ಟಗೆ ಮಾಡಲು ನೀವು ಬಲಕ್ಕೆ ತಳ್ಳಿದಿರಿ. ಇನ್ನೂ ಎಡಕ್ಕೆ ವಾಲಿತು. ಇನ್ನೂ ಜೋರಾಗಿ ತಳ್ಳಿದಿರಿ. ಮಗುಚಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಗರುಡ ತುಂಡುಗಳನ್ನು ಎತ್ತಿ ಒಳಗೆ ಇಣುಕಿ, ನಮಗಿಬ್ಬರಿಗೆ ಮಾತ್ರ ಕೇಳುವ ಹಾಗೆ, "ಅಣ್ಣಾ, ತಂತಿ ಅಡ್ಡ ಆಗಿದೆ" ಅಂದ. ಒಳ್ಳೆಯ ಮನುಷ್ಯ. ಉಳಿದವರಿಗೆ ಎಂಜಿನ್ ನಿಂತುಹೋಯ್ತು ಅಂದ. ನೀವೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಹೇಗಾಯಿತು ಎಂದು ನಿಮಗೆ ಗೊತ್ತು, ಆದರೂ ಬರೆಯುತ್ತೇನೆ. ಕೋಣೆ ಚಿಕ್ಕದು. ಬಾಲ ಮೂಲೆಗೆ ಒತ್ತಿಕೊಂಡಿತ್ತು, ಹಿಂದೆ ನಿಲ್ಲಲು ಜಾಗವೇ ಇರಲಿಲ್ಲ. ಮೂತಿಯ ಕಡೆ ನಿಂತು, ಅದಕ್ಕೆ ಎದುರಾಗಿ ನೋಡಿದಿರಿ. ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ವಿಮಾನದ ಎಡ ರೆಕ್ಕೆಯ ಪಟ್ಟಿ ಏಳಬೇಕು. ಎದುರು ನಿಂತವನ ಎಡ ವಿಮಾನದ ಬಲ. ನಿಮ್ಮ ಎಡಗೈ ಕಡೆಯ ಪಟ್ಟಿ ಎದ್ದಿತು, ಸರಿ ಇದೆ ಅಂದಿರಿ. ಕೆಲಸ ಬಲ್ಲ ಕೈ, ಒಳ್ಳೆಯ ಕಣ್ಣು, ನಿಂತ ಜಾಗ ತಪ್ಪು.

ಮನೆಗೆ ಬಂದು ಒಂದೇ ಮಾತಾಡಿದಿರಿ. "ಅವನೂ ಹೀಗೇ ಮಾಡಿರಬೇಕು ಕಣೇ." ಬೆಳಿಗ್ಗೆ ಎದ್ದು ಚೀಲ ತೆಗೆದುಕೊಂಡು ನಿಮ್ಮ ಅಕ್ಕನ ಊರಿನ ಬಸ್ ಹತ್ತಿದಿರಿ. ಆ 'ನಿರ್ಲಕ್ಷ್ಯ'ದ ವಿರುದ್ಧ ನಾವಿಬ್ಬರೂ ಸೇರಿ ಹಾಕಿದ್ದ ಮೇಲ್ಮನವಿಯಿಂದ ನಿಮ್ಮ ಹೆಸರು ತೆಗೆಯಬೇಕೆಂದು ಯಾರ ಹತ್ತಿರವೋ ಹೇಳಿಕಳಿಸಿದಿರಿ. ಆ ಒಂದು ಮಾತಿನ ಜೊತೆ ನನ್ನನ್ನು ಒಂಟಿಯಾಗಿ ಕೂರಿಸಿ ಹೋದಿರಿ. ಇದಕ್ಕೆ ಏನು ಹೆಸರಿಡಲಿ? ದುಃಖ ಅನ್ನುತ್ತೀರಿ. ನಾನು ಓಡಿಹೋಗುವುದು ಅನ್ನುತ್ತೇನೆ.

ಸರಿ. ನೀವು ಆಡಿ ಓಡಿದ ಮಾತನ್ನು ನಾನು ಶಾಯಿಯಲ್ಲಿ ಬರೆಯುತ್ತೇನೆ. ನಮ್ಮ ಹುಡುಗ ತಂತಿಯನ್ನು ಅಡ್ಡ ಕಟ್ಟಿದ. ಪೈಲಟ್ ಹುಡುಗನನ್ನು ಕೊಂದ, ತಾನೂ ಸತ್ತ. ಬರೆದೆ. ಕೈ ಬಿದ್ದುಹೋಗಲಿಲ್ಲ.

ಈಗ ಮುಂದಿನದನ್ನು ಓದಿ. ಮಣ್ಣು ಮಾಡಿದ ದಿನ ಅವನ ಜೊತೆ ಕೆಲಸ ಮಾಡುತ್ತಿದ್ದವನು ನಮ್ಮ ಹಿತ್ತಲಿನಲ್ಲಿ ನಿಂತು ಏನಂದ? ಮೊದಲೆಲ್ಲ ಒಂದು ವಿಮಾನಕ್ಕೆ ಇಬ್ಬರು. ಒಬ್ಬ ಕಟ್ಟುವವನು, ಇನ್ನೊಬ್ಬ ಬಾಲದ ಹಿಂದೆ ನಿಂತು ನೋಡುವವನು. ಖರ್ಚು ಕಡಿಮೆ ಮಾಡುತ್ತೇವೆ ಎಂದು ನೋಡುವವರನ್ನೆಲ್ಲ ಮನೆಗೆ ಕಳಿಸಿದರು. ಕಟ್ಟಿದವನೇ ನೋಡಬೇಕು. ಅದೂ ಒಂದು ಪಾಳಿ ಮುಗಿಸಿ, ಮಲಗದೆ, ಇನ್ನೊಂದು ಪಾಳಿಯಲ್ಲಿ. ಡಿಪೋ ಹಿಂದೆ ಆಟದ ವಿಮಾನ ಹಾರಿಸುವವರಿಗೂ ಇರುವ ನೇಮ ನಿಜವಾದ ವಿಮಾನಕ್ಕೆ, ನಿಜವಾದ ಹುಡುಗರಿಗೆ ಇಲ್ಲ!

ಇದು ನಮಗೆ ಮೊದಲಿಂದ ಗೊತ್ತಿತ್ತು. ಒಂದು ದಿನವೂ ಗೇಟಿನ ಮುಂದೆ ಕೂಗಲಿಲ್ಲ. ಯಾಕೆ? ಕೂಗಿದರೆ ತಪ್ಪು ನಡೆದದ್ದನ್ನು ಒಪ್ಪಿದ ಹಾಗೆ. ನಮಗೆ ತಪ್ಪೇ ಮಾಡದ ಮಗ ಬೇಕಾಗಿದ್ದ. ನಿದ್ದೆಗೆಟ್ಟು ತೂಕಡಿಸುತ್ತಿದ್ದ ಮಗನಿಗಾಗಿ ನಾವು ಯಾರೂ ಧರಣಿ ಕೂರಲಿಲ್ಲ. ನಮಗೆ ಗೊತ್ತಿದ್ದ ಅವರ ಒಂದೇ ಒಂದು ಕಳ್ಳತನವನ್ನು ಬಚ್ಚಿಟ್ಟು ಕಾಪಾಡಿದವರು ನಾವೇ.

ವಕೀಲರ ಹತ್ತಿರ ಹೋಗಿದ್ದೆ. ಇದನ್ನು ಹೇಳಿದರೆ ಮೇಲ್ಮನವಿ ಅಲ್ಲಿಗೆ ಮುಗಿಯಿತು ಅಂದರು. "ಅವರಿಗೆ ಬೇಕಾಗಿದ್ದೂ ಇದೇ ಅಮ್ಮಾ. ಮಗನ ತಪ್ಪು ಅಂತ ತಾಯೀನೇ ಬರೆದುಕೊಟ್ಟ ಮೇಲೆ, ಎರಡನೆಯವನನ್ನ ಯಾಕೆ ತೆಗೆದ್ರಿ ಅಂತ ಕೇಳೋಕೆ ಯಾರು ಉಳೀತಾರೆ?" ಸಂಘದ ಉಳಿದ ಮನೆಯವರದ್ದು ಇನ್ನೊಂದು ಭಯ. ಇವಳ ಮಗ ತಪ್ಪು ಮಾಡಿದ ಅಂತಾದರೆ ನಾಳೆ ನಮ್ಮ ಮಕ್ಕಳ ತಲೆಗೂ ಅದನ್ನೇ ಕಟ್ಟುತ್ತಾರೆ ಎಂದು. ಅವರ ಭಯ ಸುಳ್ಳಲ್ಲ. ಕಟ್ಟುತ್ತಾರೆ. ಟೀಚರಮ್ಮನಿಗಂತೂ ಹೇಳಬೇಕು. ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೇನೆ.

ಗೆಲ್ಲುತ್ತೇವೆ ಎಂದು ಬರೆದರೆ ನೀವು ನಗುತ್ತೀರಿ, ನಗುವುದು ಸರಿ ಕೂಡ. ಗೆಲ್ಲುವುದಿಲ್ಲ. ವರದಿ ಬರುವುದಿಲ್ಲ. ಕಲ್ಲಿನ ಆ ಜಾಗ ನುಣ್ಣಗೇ ಇರುತ್ತದೆ. ಮನೆಗೆ ಕಳಿಸಿದ ಎರಡನೆಯವರನ್ನು ವಾಪಸ್ಸು ಕರೆಯುವುದಿಲ್ಲ, ಇನ್ಯಾರದ್ದೋ ಮಗ ಇವತ್ತು ಕೂಡ ತಾನು ಕಟ್ಟಿದ್ದನ್ನು ತಾನೇ ನೋಡಿ ಸರಿ ಇದೆ ಅನ್ನುತ್ತಿದ್ದಾನೆ. ನನಗೆ ಗೊತ್ತು. ಆದರೂ ಒಂದು ಸಲ, ಒಂದೇ ಒಂದು ಸಲ, ನಿಜವನ್ನು ನಾಲ್ಕು ಜನರೆದುರು ಹೇಳಿ ಸೋಲಬೇಕು. ಸುಳ್ಳಿನ ಮೇಲೆ ಕೂತು ಸೋತದ್ದು ಸಾಕು.

ನಾನು ಹೇಳಿದರೆ ಭಾಷಣ ಅನ್ನುತ್ತಾರೆ. ಜೀವಮಾನವೆಲ್ಲ ಕಬ್ಬಿಣ ಉಜ್ಜಿದ ನೀವು ಎದ್ದು ನಿಂತು, "ನನ್ನ ಕೈಯೇ ಅಡ್ಡ ಕಟ್ಟಿತು, ನನ್ನ ಕಣ್ಣೇ ಸರಿ ಅಂದಿತು, ನೋಡುತ್ತೇನೆ ಅಂದವನನ್ನು ನಾನೇ ತಳ್ಳಿದೆ, ನನ್ನ ಮಗನಿಗೆ ತಳ್ಳುವುದಕ್ಕೂ ಒಬ್ಬನಿರಲಿಲ್ಲ" ಎಂದರೆ ಅದು ಬೇರೆ. ನೀವು ಬರುವುದಿಲ್ಲ ಎಂದು ನನ್ನ ಒಂದು ಮನಸ್ಸು ಹೇಳುತ್ತದೆ. ಇನ್ನೊಂದು ಮನಸ್ಸು ಏನೂ ಹೇಳುವುದಿಲ್ಲ.

ಗಡ್ಡ ಬೋಳಿಸಿಕೊಳ್ಳಿ. ಅಕ್ಕನಿಗೆ ಹೆಚ್ಚು ಕೆಲಸ ಹೇಳಬೇಡಿ.

ಇನ್ನೂ ನಿಮ್ಮವಳೇ ಆಗಿರುವ,
ಅವನ ಅಮ್ಮ

ತಾ.ಕ.: ಟೀಚರಮ್ಮನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೇನೆ ಎಂದು ಮೇಲೆ ಬರೆದೆ. ಯೋಚಿಸುತ್ತಿಲ್ಲ. ಸೋಮವಾರವೇ ಅವರ ಮನೆಗೆ ಹೋಗಿ ಹೇಳಿಬಿಟ್ಟೆ. ಬಟ್ಟೆ ಇಸ್ತ್ರಿ ಮಾಡುತ್ತಿದ್ದರು, ಸ್ವಿಚ್ ಆರಿಸಿ ಪೂರ್ತಿ ಕೇಳಿದರು. ಅಳಲಿಲ್ಲ. "ಇಷ್ಟು ದಿನ ನನ್ನನ್ನ ನಿಮ್ಮ ಪಕ್ಕ ಕೂರಿಸ್ಕೊಂಡಿದ್ರಲ್ಲ" ಅಂದರು. ಆಮೇಲೆ, "ಆ ಮಾದರಿ ಕಟ್ಟಿದ ನಿಮ್ಮ ಯಜಮಾನರು ಎಲ್ಲಿ? ನಿಮ್ಮ ಮಾತು ಇನ್ನು ನನಗೆ ಬೇಡ. ಅವರ ಬಾಯಲ್ಲಿ ಕೇಳಬೇಕು" ಅಂದು ಬಾಗಿಲು ತೆರೆದು ಹಿಡಿದರು. ನನ್ನನ್ನು ಅಧ್ಯಕ್ಷ ಸ್ಥಾನದಿಂದ ಇಳಿಸುವ ನಿರ್ಣಯವನ್ನು ಅವರೇ ಮಂಡಿಸುತ್ತಾರೆ. ಎಲ್ಲರೂ ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ನಿರ್ಣಯ ಮುಗಿದ ಮೇಲೆ, ನೀವು ಬಂದಿದ್ದರೆ ಮಾತ್ರ, ನಿಮ್ಮ ಮಾತು ಕೇಳಲು ಟೀಚರಮ್ಮ ಎದ್ದು ಹೋಗದೆ ಕೂತಿರುತ್ತಾರಂತೆ. ಸಭೆ ಸಂಘದ ಕೋಣೆಯಲ್ಲಿ, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.