ಹೆಸರು ಹೇಳದ ಬೇರು

ಜೂನ್ 2, ಭಾನುವಾರ. ಬೆಳಿಗ್ಗೆ 8

ಹಸಿವಿನ ಬೇರು ಅಗೆದು ತಂದಾಯಿತು. ಹೊತ್ತು ಹುಟ್ಟುವ ಮುಂಚೆ, ಯಾರ ಜೊತೆಗೂ ಮಾತಾಡದೆ. ದಾರಿಯಲ್ಲಿ ಮಾರಪ್ಪ ಹಾಲಿನ ಕ್ಯಾನು ಹಿಡಿದು ಎದುರಾದ. ಎಲ್ಲಿಗೆ ಅಂತ ಕೇಳಿದ. ಉತ್ತರ ಕೊಡಲಿಲ್ಲ. ನಲವತ್ತು ವರ್ಷದಿಂದ ನೋಡುತ್ತಾನೆ, ಬೇರು ಅಗೆಯುವ ಭಾನುವಾರ ನಾನು ಮೂಗಿ ಅಂತ ಇನ್ನೂ ತಲೆಗೆ ಹೋಗಿಲ್ಲ. ಹಾಲಿಗೆ ನೀರು ಬೆರೆಸುವಷ್ಟು ಬುದ್ಧಿ ಮಾತ್ರ ಕೊಟ್ಟಿದ್ದಾನೆ ದೇವರು.

ಬೇರು ನೆನೆ ಹಾಕಿದೆ. ಮೂರು ದಿನ ನೆನೆಯಬೇಕು. ಆಮೇಲೆ ನೆರಳಲ್ಲಿ ಒಣಗಬೇಕು.

ಇದರ ಹೆಸರು ಇಲ್ಲೂ ಬರೆಯುವುದಿಲ್ಲ. ನಮ್ಮತ್ತೆ ಒಂದೇ ಒಂದು ಸಲ ಕಿವಿಯಲ್ಲಿ ಹೇಳಿದ್ದಳು, ಮೂರು ಕಟ್ಟುಪಾಡು ಹಾಕಿ. ಹೆಸರು ಹೊರಗೆ ಬಿಡಬಾರದು — ಬಿಟ್ಟರೆ ಕೈಗುಣ ಹೋಗುತ್ತದೆ. ಬಿಸಿಲು ಬಿದ್ದ ಮೇಲೆ ಅಗೆಯಬಾರದು. ಬಸುರಿ ಹೆಂಗಸಿಗೆ ಕೊಡಬಾರದು. ಮೂರನ್ನೂ ಇವತ್ತಿನವರೆಗೆ ಮೀರಿಲ್ಲ.

ಜೂನ್ 5, ಬುಧವಾರ. ಮಧ್ಯಾಹ್ನ

ಸವಳಂಗದಿಂದ ಕಸ್ತೂರಮ್ಮ ಬಸ್ಸಿನಲ್ಲಿ ಬಂದಿದ್ದಳು, ಗಂಡನನ್ನು ಕರೆದುಕೊಂಡು. ಮಹೇಶ್ವರಪ್ಪನಿಗೆ ಊಟ ಸೇರುವುದಿಲ್ಲವಂತೆ. ಏನೇನು ತಿನ್ನುತ್ತೀರಿ ಅಂತ ಕೇಳಿದೆ. ಬೆಳಿಗ್ಗೆಯಿಂದ ಅಡಿಕೆ ಮಂಡಿಯಲ್ಲಿ ಕೂತು ಆರು ಟೀ, ಮೆಣಸಿನಕಾಯಿ ಬೋಂಡಾ, ಮೇಲೆ ಎಲೆಅಡಿಕೆ.

"ಹಸಿವು ಬರಾಕೆ ಹೊಟ್ಟೇಲಿ ಜಾಗ ಎಲ್ಲೈತ್ರಿ ಯಜಮಾನ್ರೆ? ಬಸ್ಸಿನಂಗೆ ತುಂಬೈತಿ, ನಿಂತ್ಕಂಡು ಹೋಗಾಕೂ ಜಾಗಿಲ್ಲ" ಅಂದೆ. ಕಸ್ತೂರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು.

ಬೇರು ಕೊಡಲಿಲ್ಲ. ಊಟಕ್ಕೆ ಮುಂಚೆ ಹಸಿ ಶುಂಠಿ ಚೂರಿಗೆ ಉಪ್ಪು ಹಚ್ಚಿ ಅಗಿಯಿರಿ, ಜೀರಿಗೆ ಹುರಿದು ಮಜ್ಜಿಗೆಗೆ ಹಾಕಿ ಕುಡಿಯಿರಿ, ಟೀ ಬಿಡಿ ಅಂತ ಹೇಳಿ ಕಳಿಸಿದೆ. ಬೇರು ಕೊನೆಗೆ. ಏನೂ ಹತ್ತದವರಿಗೆ.

ನಮ್ಮ ಮನೆಯ ಅಂಬಿಕಾಳ ತಟ್ಟೆ ಇವತ್ತೂ ಹಾಗೇ ವಾಪಸು ಬಂತು. ಕೋಳಿಗೆ ಹಾಕಿದೆ.

ಜೂನ್ 7, ಶುಕ್ರವಾರ

ಈ ಹುಡುಗಿ ಉಣ್ಣುತ್ತಿಲ್ಲ. ಎರಡು ವಾರ ಆಯಿತು. ಮೊಮ್ಮಗ ಪರಮೇಶನ ಹೆಂಡತಿ ಸೊರಗಿದರೆ ಊರು ನನ್ನನ್ನೇ ಅನ್ನುತ್ತದೆ — ಊರಿಗೆಲ್ಲ ಹಸಿವು ಹಂಚುವ ಅಂತರಘಟ್ಟಮ್ಮನ ಮನೆಯಲ್ಲೇ ಹಸಿವಿಲ್ಲ ಅಂತ.

ಶುಂಠಿ ಕೊಟ್ಟೆ, ಬಾಯಿಂದ ತೆಗೆದಳು. ದೊಡ್ಡಪತ್ರೆ ಚಟ್ನಿ ಅರೆದೆ, ಮೂಸಿ ಬಿಟ್ಟಳು. ಓಮದ ಕಷಾಯ ವಾಂತಿ. ಒಗ್ಗರಣೆ ಸಿಡಿದರೆ ಹಿತ್ತಿಲಿಗೆ ಓಡುತ್ತಾಳೆ. ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟು ಮಲಗುತ್ತಾಳೆ, ಬೇರೆಯವರ ಬ್ಲೌಸು ನೆಲದ ಮೇಲೆ.

ಅನುಮಾನ ಬಂತು. ಬಾರದೆ ಇರಲು ನಾನೇನು ಕಲ್ಲೆ? ಮೊದಲಾದರೆ ಕೇಳುವುದೇ ಬೇಕಿರಲಿಲ್ಲ. ತಿಂಗಳಿಗೆ ಮೂರು ದಿನ ಹೆಂಗಸು ಹೊರಗೆ ಕೂರುತ್ತಿದ್ದಳು, ಕೂತರೆ ಕೂತಳು, ಕೂರದಿದ್ದರೆ ಬೀದಿಗೇ ಗೊತ್ತು. ಪರಮೇಶ ಗೋಡೆಗೆ ಬುದ್ಧನ ಫೋಟೋ ಹಾಕಿದ ದಿನ ಹೊರಗೆ ಕೂರುವುದನ್ನು ಬಿಡಿಸಿದ. ಒಳ್ಳೆಯದೇ ಮಾಡಿದ. ಚಳಿಯಲ್ಲಿ ಹೊರಗೆ ಮಲಗಿದವಳು ನಾನು, ನನಗೆ ಗೊತ್ತು. ಆದರೆ ಈಗ ಬಾಯಿಮಾತೇ ನಂಬಬೇಕು.

ಕೇಳಿದೆ. ಈ ತಿಂಗಳು ಆಯಿತೇನೇ?

ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹೋದ ವಾರನೇ ಆಯ್ತಲ್ರಿ ಅಜ್ಜಿ."

ಸರಿ ಹಾಗಾದರೆ.

ಜೂನ್ 9, ಭಾನುವಾರ

ಬೇರು ಒಣಗಿದೆ. ಬೆಳಿಗ್ಗೆ ತೇಯ್ದು ಬೆಲ್ಲದ ಜೊತೆ ಕೊಟ್ಟೆ. ಲೋಟ ಹಿಡಿದು ಗಂಡನ ಮುಖ ನೋಡಿದಳು. ಅವನು ಇವಳ ಮುಖ ನೋಡಿದ. ಇಬ್ಬರ ನಡುವೆ ಏನೋ ಹೋಗಿ ಬಂದ ಹಾಗಿತ್ತು.

"ಇದು ಶುಂಠಿ ಜೀರಿಗೆ ತಾನೆ ಅಜ್ಜಿ?" ಅಂದ ಪರಮೇಶ.

ನಾನು ಮಾತಾಡಲಿಲ್ಲ. ಮದ್ದು ಕೊಡುವಾಗ ಮಾತಾಡುವುದಿಲ್ಲ ಅಂತ ಅವನಿಗೆ ಗೊತ್ತು. ಹೌದು ಅಂದುಕೊಂಡಿರಬೇಕು. ಕುಡಿ ಕುಡಿ ಅಂದ ಅವಳಿಗೆ. ಕುಡಿದಳು.

ಜೂನ್ 10, ಸೋಮವಾರ

ಒಂದೂವರೆ ರೊಟ್ಟಿ! ಮೇಲೆ ಅನ್ನ ಸಾರು. ಎರಡನೇ ದಿನದ ಮದ್ದು ಕೊಟ್ಟೆ. ಪರಮೇಶ ಹೊನ್ನಾಳಿ ಸ್ಕೂಲಿನ ಆಫೀಸಿನಿಂದ ಫೋನ್ ಮಾಡಿ ಉಂಡಳಾ ಅಂತ ಕೇಳಿದ. ಸ್ಕೂಲಲ್ಲಿ ಮಕ್ಕಳ ಹಾಜರಿ ಬರೆಯೋ, ಇಲ್ಲಿಂದು ನಾನು ಬರಕಂತೀನಿ ಅಂದೆ.

ಜೂನ್ 11, ಮಂಗಳವಾರ

ಮೂರನೇ ದಿನ. ತಾನೇ ತಟ್ಟೆ ಹಾಕಿಕೊಂಡು ಕೂತಳು. ಉಪ್ಪಿನಕಾಯಿ ಕೇಳಿದಳು. ನಮ್ಮತ್ತೆ ಇದ್ದಿದ್ದರೆ ನೋಡಬೇಕಿತ್ತು.

ಸಂಜೆ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಳು. ಮಿಷನ್ ತುಳಿದು ತುಳಿದು ಅಂದಳು. ಇರಬಹುದು.

ಜೂನ್ 13, ಗುರುವಾರ. ಬೆಳಿಗ್ಗೆ 11

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬಚ್ಚಲಿನಿಂದ ಕೂಗಿದಳು. ಹೋದೆ. ಸೀರೆ ಒದ್ದೆ. ನೀರಲ್ಲ.

ಪರಮೇಶ ಓಡಿ ಬಂದ. ಅವನ ಮುಖ ನೋಡಿಯೇ ತಿಳಿಯಿತು ನನಗೆ. "ಎಷ್ಟು ತಿಂಗಳು?" ಅಂದೆ.

"ಎರಡು ತುಂಬಿ ಹತ್ತು ದಿನ, ಅಜ್ಜಿ."

ಅಂಬಿಕಾ ಗೋಡೆಗೆ ಒರಗಿದ್ದಳು. ತುಟಿ ಬಿಳಿಚಿಕೊಂಡಿತ್ತು. "ನೀವೇ ಅಂದಿದ್ರಲ್ರಿ ಅಜ್ಜಿ... ಮೂರು ತಿಂಗಳು ತುಂಬೋ ತನಕ ನನ್ನ ಹತ್ರನೂ ಬಾಯಿ ಬಿಡಬ್ಯಾಡ ಅಂತ."

ಅಂದಿದ್ದೆ. ಹೋದ ವರ್ಷ ಹೊಟ್ಟೆಯಲ್ಲಿದ್ದದ್ದು ಹೋಯಿತಲ್ಲ, ಆಗ. ತಿಂಗಳು ನಿಂತಿದೆ ಅಂತ ಗೊತ್ತಾದ ಮರುದಿನವೇ ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ವಾರಕ್ಕೆ ಬಿತ್ತು. ದೃಷ್ಟಿ ಅಂದೆ. ನಿನ್ನ ಬಾಯಿಯೇ ನಿನ್ನ ಮಗುವನ್ನು ತಿಂತು ಅಂದೆ. ಹೌದು, ಹಾಗೇ ಅಂದೆ. ಹಸಿ ಮೈಯವಳಿಗೆ.

ಮಾರಪ್ಪನ ಓಮ್ನಿಯಲ್ಲಿ ಕರೆದುಕೊಂಡು ಹೋದರು, ಹೊನ್ನಾಳಿಗೆ. ಇಬ್ಬರಿಗೇ ಜಾಗ ಅಂದರು. ಇರಲಿ. ನಾನು ಹೋಗಿ ಏನು ಮಾಡಲಿ?

ಅದೇ ದಿನ. ಮಧ್ಯಾಹ್ನ 3

ಪರಮೇಶನ ಫೋನ್ ಬಂತು. ಸ್ಕ್ಯಾನ್ ಆಯಿತು. ಮಗುವಿನ ಎದೆ ಬಡಿಯುತ್ತಿದೆಯಂತೆ. ರಕ್ತ ನಿಂತಿಲ್ಲವಂತೆ. ಏಳದ ಹಾಗೆ ಮಲಗಿಸಿದ್ದಾರೆ. ಉಳಿಯಲೂಬಹುದು, ಈಗಲೇ ಹೇಳಲಾಗದು ಅಂದರಂತೆ ಡಾಕ್ಟರಮ್ಮ. ಏನಾದರೂ ನಾಟಿ ಮದ್ದು ತಗೊಂಡಿದ್ದೀರಾ ಅಂತ ಕೇಳಿದ್ದಾರೆ. ಯಾವುದು ಅಂತ ಗೊತ್ತಾದರೆ ಏನು ಮಾಡಬೇಕು ಅಂತ ತಿಳಿಯುತ್ತದಂತೆ.

"ಯಾವ ಬೇರು ಅಜ್ಜಿ ಅದು?"

ಬಾಯಿಗೆ ಬಂತು. ನಾಲಿಗೆ ತುದಿಯವರೆಗೆ ಬಂತು. ಐವತ್ತೆರಡು ವರ್ಷ ಹೇಳದ ಹೆಸರು.

"ಶುಂಠಿ ಕಣೋ" ಅಂದೆ.

ಫೋನ್ ಇಟ್ಟ. ನಂಬಿದ. ನಂಬದೆ ಏನು, ಅಜ್ಜಿ ಅಲ್ಲವೆ?

ಜೂನ್ 14, ಶುಕ್ರವಾರ. ಬೆಳಿಗ್ಗೆ 6

ರಕ್ತ ಹೆಚ್ಚಾಗಿದೆಯಂತೆ. ಶಿವಮೊಗ್ಗಕ್ಕೆ ಕಳಿಸುವ ಮಾತಾಡುತ್ತಿದ್ದಾರೆ. ಎದೆ ಇನ್ನೂ ಬಡಿಯುತ್ತಿದೆ.

ಮೂರೇ ದಿನ ಕೊಟ್ಟದ್ದು. ಗೊತ್ತಿದ್ದು ಕೊಟ್ಟಿಲ್ಲ. ಕೇಳಿಯೇ ಕೊಟ್ಟೆ. ಇಷ್ಟನ್ನೇ ಹೇಳಿಕೊಳ್ಳುತ್ತಾ ಕೂತಿದ್ದೇನೆ. ಒಲೆ ಹಚ್ಚಿಲ್ಲ. ಕೋಳಿಗಳು ಹಸಿದು ಬಾಗಿಲಿಗೆ ಬಂದಿವೆ.

6.40

ಟ್ರಂಕಿನಿಂದ ಹೋದ ವರ್ಷದ ಡೈರಿ ತೆಗೆದೆ. ಯಾಕೆ ತೆಗೆದೆ? ಗೊತ್ತಿತ್ತೇನೋ. ಗೊತ್ತಿದ್ದೇ ಇಷ್ಟು ದಿನ ತೆಗೆದಿರಲಿಲ್ಲವೇನೋ.

ನನ್ನದೇ ಅಕ್ಷರ. ಅಕ್ಟೋಬರ್ 8, ಭಾನುವಾರ. "ಅಂಬಿಕಾಗೆ ಊಟ ಸೇರುತ್ತಿಲ್ಲ. ಬೇರು ಕೊಟ್ಟೆ." 9, "ಕೊಟ್ಟೆ." 10, "ಕೊಟ್ಟೆ. ಚೆನ್ನಾಗಿ ಉಂಡಳು." 12, "ಬಸುರಿ ಅಂತೆ! ಬೀದಿಗೆಲ್ಲ ಸಕ್ಕರೆ ಹಂಚಿದಳು, ಬಾಯಿಬಡುಕಿ." 19, "ಬಿತ್ತು. ದೃಷ್ಟಿ."

ದೃಷ್ಟಿ.

ಇಬ್ಬರು ನೆಂಟರ ಹಾಗೆ ಎರಡು ಡೈರಿಯನ್ನೂ ಅಕ್ಕಪಕ್ಕ ಕೂರಿಸಿ ನೋಡಿದೆ. ಅವವೇ ಮಾತು. ಭಾನುವಾರ ಕೊಟ್ಟೆ. ಸೋಮವಾರ ಕೊಟ್ಟೆ. ಮಂಗಳವಾರ ಉಂಡಳು.

ಅವಳ ಬಾಯಿ ತಿನ್ನಲಿಲ್ಲ ಮಗುವನ್ನು.

7.10

ಪರಮೇಶ ಫೋನ್ ಎತ್ತುತ್ತಿಲ್ಲ. ಚಾರ್ಜು ಹೋಗಿರಬೇಕು. ಏಳೂವರೆಗೆ ಹೊನ್ನಾಳಿ ಬಸ್ಸಿದೆ. ಹೋಗುತ್ತೇನೆ. ಉಳಿದ ಬೇರು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೇನೆ. ಆದರೆ ತೇಯ್ದು ಸವೆದ ತುಂಡು ನೋಡಿ ಡಾಕ್ಟರಮ್ಮನಿಗೆ ಏನು ತಿಳಿದೀತು? ಹೆಸರು ಬೇಕು. ಅಲ್ಲಿ ನಿಂತು ಆ ಹುಡುಗಿಯ ಎದುರು ನನ್ನ ಬಾಯಿ ಮತ್ತೆ ಶುಂಠಿ ಅಂದುಬಿಟ್ಟರೆ? ಈ ನಾಲಿಗೆಯನ್ನು ನಂಬುವುದಿಲ್ಲ ನಾನು. ಊರಿಗೆಲ್ಲ ಚುಚ್ಚುವಾಗ ಎಷ್ಟು ಚುರುಕು, ನಿನ್ನೆ ಬೇಕಾದಾಗ ಸತ್ತು ಬಿತ್ತು.

ಬರೆದುಕೊಂಡೇ ಹೋಗುತ್ತೇನೆ. ಈ ಹಾಳೆಯನ್ನೇ ಹರಿದು ಡಾಕ್ಟರಮ್ಮನ ಕೈಗೆ ಕೊಡುತ್ತೇನೆ. ಹೋದ ವರ್ಷದ್ದನ್ನೂ. ಪರಮೇಶ ಓದಲಿ. ಅವಳೂ ಓದಲಿ.

ಕೈಗುಣ ಹೋಗುತ್ತದೆ ಅಂದಿದ್ದಿ ಅತ್ತೆ. ಹೋಗಲಿ. ಈ ಕೈಯ ಗುಣ ನೋಡಿದ್ದಾಯಿತು.

ಬಸ್ಸಿನ ಹಾರ್ನು ಕೇಳುತ್ತಿದೆ. ಡಾಕ್ಟರಮ್ಮಾ, ಭಾನುವಾರ, ಸೋಮವಾರ, ಮಂಗಳವಾರ, ಮೂರು ದಿನ ಬೆಳಿಗ್ಗೆ ಬೆಲ್ಲದ ಜೊತೆ ಕೊಟ್ಟಿದ್ದೇನೆ. ಕೊಟ್ಟವಳು ನಾನು. ಅವಳದೇನೂ ತಪ್ಪಿಲ್ಲ. ಬೇರಿನ ಹೆಸರು