ಗಾಜಿನ ಮನೆಯಲ್ಲಿ ಮರ್ವ್‌ನ ಕುರ್ಚಿ

ಆಗಸ್ಟ್ ೧೭, ಭಾನುವಾರ. ಹೊರಗೆ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟುತ್ತಿದೆ.

ಈ ನನ್ನ ನಾಲಿಗೆಗೆ ಬರೆ ಹಾಕಬೇಕು.

ಬೆಳಿಗ್ಗೆ ಹಿತ್ತಲ ಗಾಜಿನ ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನಡುವೆ ಓಡಾಡಲು ದಾರಿ, ಭೂಮಿಯ ಈ ದಕ್ಷಿಣದ ತುದಿಯಲ್ಲಿ ಬಿಸಿಲು ಬೀಳುವ ಉತ್ತರಕ್ಕೆ ಕುಳ್ಳ ಸೊಪ್ಪು, ಅದರ ಹಿಂದೆ ಟೊಮೆಟೊ. ಅಲ್ಲಿ ಒಲೆಯಿಲ್ಲ, ಹಾಗಾಗಿ ದಕ್ಷಿಣದ ಗೋಡೆಗೆ ನೀರು ತುಂಬಿದ ಕಪ್ಪು ಪೀಪಾಯಿಗಳು. ಹಗಲು ಕುಡಿದ ಬಿಸಿಲನ್ನು ಅವು ರಾತ್ರಿ ಬಿಟ್ಟುಕೊಡುತ್ತವೆ. ಅವುಗಳ ಪಕ್ಕದ ಬೆಚ್ಚಗಿನ ಮೂಲೆಯಲ್ಲಿ ನನ್ನ ಗಂಡ ಮರ್ವ್‌ನ ಕುರ್ಚಿ ಇತ್ತು. ಎತ್ತಿ ಹಿಂಬದಿಯ ಜಗುಲಿಗೆ ಹಾಕಿದೆ. ಊರಿನವರೆಲ್ಲ ಅಕ್ಟೋಬರ್ ಕೊನೆಗೆ ಬರುವ ಹೋಬಾರ್ಟ್ ಕೃಷಿ ಪ್ರದರ್ಶನದ ದಿನದವರೆಗೆ ಕಾದು ಟೊಮೆಟೊ ನೆಡುತ್ತಾರೆ. ನನಗೋ ಕ್ರಿಸ್‌ಮಸ್‌ಗೆ ಮೊದಲೇ ಹಣ್ಣು ಕಿತ್ತು ಪಕ್ಕದ ಮನೆಯ ಥೆಲ್ಮಾಳ ಮುಖಕ್ಕೆ ಹಿಡಿಯುವ ಚಟ.

"ಮತ್ತೆ ನಾನೆಲ್ಲಿ ಕೂತ್ಕೊಳ್ಳಲಿ?" ಎಂದ ಮರ್ವ್.

"ನೀನೇನು ಹಣ್ಣು ಬಿಡ್ತೀಯಾ? ಆ ಜಾಗ ದುಡಿಯೋರಿಗೆ."

"ಅದೂ ಸರಿ ಬಿಡು ಮುದುಕಿ. ನನಗೆ ಗೊಬ್ಬರ ಹಾಕಿದ್ರೂ ದಂಡ," ಎಂದು ನಕ್ಕ.

ನಾನೂ ನಕ್ಕೆ. ಮಧ್ಯಾಹ್ನ ಟೀ ಒಯ್ದರೆ ಜಗುಲಿಯ ಗಾಳಿಯಲ್ಲೇ ಕೂತಿದ್ದ. ಲಕ್ವ ಹೊಡೆದ ಕೈ ನೀಲಿಗಟ್ಟಿತ್ತು.

"ಒಳಗಾದ್ರೂ ಬಂದು ಸಾಯಬಾರದಾ?"

"ಇಲ್ಲಿಂದ ಗಾಜಿನ ಮನೆ ಕಾಣುತ್ತೆ ಕಣೇ."

ಹಳೆಯ ಕಿಟಕಿಗಳನ್ನೆಲ್ಲ ಕೂಡಿಸಿ ಅದನ್ನು ಕಟ್ಟಿದ್ದು ಅದೇ ಕೈ. ನಾನು ಬೈಯುತ್ತ ಮೊಳೆ ಕೊಡುತ್ತಿದ್ದೆ, ಅಷ್ಟೇ.

ನಾಳೆ ಎರಡು ಗಿಡದ ಗೆರೆ ಅಳಿಸಿ ಕುರ್ಚಿಯನ್ನು ಪೀಪಾಯಿಗೆ ಆನಿಸಿ ಇಡಬೇಕು. ಥೆಲ್ಮಾ ನಗುವುದಾದರೆ ನಗಲಿ. ಅವನು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಆ ಕೈಯನ್ನು ನನ್ನ ಎಡಗಂಕುಳಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇನ್ನೂ ಬೆಚ್ಚಗಾಗಿಲ್ಲ, ಇಷ್ಟು ಹೊತ್ತಾದರೂ.