ಅಜ್ಜನ ಗಡಿಯಾರಕ್ಕೆ ಕಪ್ತಾನನ ಮುಖ

ತಾರೀಖು ಹದಿನಾಲ್ಕು, ಮಂಗಳವಾರ
ಬೆಳಿಗ್ಗೆ ಹತ್ತು ಗಂಟೆ ಏಳು ನಿಮಿಷ
(ಇದು ಬಲಗೈ ಹೇಳಿದ್ದು. ಎಡಗೈ ಇವತ್ತು ಬಾಯಿ ಬಿಡುತ್ತಿಲ್ಲ.)

ನನ್ನ ಗುಬ್ಬಚ್ಚಿಗೆ ಸೋದರಮಾವನ ಮನಸಾರೆ ಆಶೀರ್ವಾದಗಳು.

ಇವತ್ತು ಸೂರ್ಯ ಎರಡು ನಿಮಿಷ ತಡವಾಗಿ ಬಂದ. ನಾನು ಅಂಗಳದಲ್ಲಿ ನಿಂತು ಕೈಗಡಿಯಾರ ತೋರಿಸಿ ಗದರಿಸಿದ ಮೇಲೆ ಮುಖ ಕೆಂಪಗೆ ಮಾಡಿಕೊಂಡು ಮೇಲೆ ಹತ್ತಿದ. ನಾಳೆಯಿಂದ ಸರಿಯಾಗಿ ಬರುತ್ತೇನೆ ಅಂದಿದ್ದಾನೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು?

ನಿನ್ನ ಮೂರನೇ ಕಾಗದ ಸೇರಿತು. ಮೊದಲಿನ ಎರಡರಲ್ಲಿ "ಪ್ರೀತಿಯ ಮಾವನಿಗೆ" ಎಂದಿತ್ತು, ಇದರಲ್ಲಿ ಬರೀ "ಮಾವ". ಅರ್ಥವಾಯಿತು ತಾಯಿ. ಬರುವ ಒಂದನೇ ತಾರೀಖಿನಿಂದ ಆಸ್ಪತ್ರೆಯಲ್ಲಿ ನಿನಗೆ ನರ್ಸ್ ಕೆಲಸ. ಮೊದಲ ದಿನವೇ ಅಜ್ಜನ ಗಡಿಯಾರ ಕಟ್ಟಿಕೊಂಡು ಹೋಗಬೇಕು ಅಂತ ನಿನ್ನ ಆಸೆ. ಅಜ್ಜ ಕೊನೆಗಾಲದಲ್ಲಿ ಅದನ್ನು ನನ್ನ ಕೈಗಿಟ್ಟು ಹೇಳಿದ್ದು ನನಗೂ ನೆನಪಿದೆ: "ಇದು ನಿಂಗಲ್ಲ ಕಣೋ. ಅವಳ ಓದು ಮುಗಿಯೋವರೆಗೂ ಜೋಪಾನ ಮಾಡು, ಅಷ್ಟೇ. ನಾಡಿ ಎಣಿಸೋಳಿಗೆ ಸೆಕೆಂಡಿನ ಮುಳ್ಳು ಬೇಕಾಗತ್ತೆ."

ನಿನ್ನ ಮೊದಲ ಕಾಗದಕ್ಕೆ ನಾನು, ಗಡಿಯಾರ ರಿಪೇರಿಗೆ ಹೋಗಿದೆ ಎಂದು ಬರೆದೆ. ಎರಡನೆಯದಕ್ಕೆ, ಒಳ್ಳೆ ಚರ್ಮದ ಪಟ್ಟಿ ಹುಡುಕುತ್ತಿದ್ದೇನೆ ಎಂದು ಬರೆದೆ. ಎರಡೂ ಸುಳ್ಳು. ಆಗ ಗಡಿಯಾರ ನನ್ನ ಹತ್ತಿರ ಇರಲೇ ಇಲ್ಲ. ಮಾರಿಬಿಟ್ಟಿದ್ದೆ.

ತಡಿ, ಕಾಗದ ಹರಿಯಬೇಡ. ಪೂರ್ತಿ ಓದು, ಆಮೇಲೆ ಬೈಯಿ.

ನನ್ನ ವಾಚಿನ ಪೆಟ್ಟಿಗೆ ನೀನು ನೋಡಿದ್ದೀಯ. ಒಳಗೆ ಮಖಮಲ್ಲಿನ ಹನ್ನೆರಡು ಗುಂಡಿ. ಬೆಳಿಗ್ಗೆ ಎದ್ದು ಎಡಗಡೆಯಿಂದ ಒಂದೊಂದಕ್ಕೇ ಕೀಲಿ ಕೊಟ್ಟು, ಕಿವಿಗಿಟ್ಟು ಕೇಳಿ, ಆ ದಿನಕ್ಕೆ ಎರಡನ್ನು ಆರಿಸಿ, ಎರಡು ಕೈಗೂ ಕಟ್ಟಿಕೊಂಡ ಮೇಲೇ ನನಗೆ ಹಲ್ಲುಜ್ಜುವ ಯೋಚನೆ. ಹನ್ನೊಂದು ಗುಂಡಿಯಲ್ಲಿ ಹನ್ನೊಂದು ರಾಜಕುಮಾರರು. ಹನ್ನೆರಡನೆಯದರಲ್ಲಿ ನಿನ್ನಜ್ಜನದು, ಅಂದರೆ ನನ್ನಪ್ಪನದು: ಹಳದಿಗಟ್ಟಿದ ಮುಖ, ಸೀಳು ಬಿಟ್ಟ ಗಾಜು, ಗಾರೆ ಕೆಲಸ ಮಾಡಿ ಮಾಡಿ ಅಂಚಿಗೆಲ್ಲ ಸುಣ್ಣ. ಮೇಲಾಗಿ ಅದು ನಿಂತುಹೋಗಿತ್ತು. ಕೀಲಿ ಕೊಟ್ಟೆ, ಅಲುಗಾಡಿಸಿದೆ, ಕೊನೆಗೆ ಬೈದೂ ನೋಡಿದೆ. ಜಪ್ಪಯ್ಯ ಅನ್ನಲಿಲ್ಲ. ಸತ್ತ ಗಡಿಯಾರವನ್ನು ಹುಡುಗಿಗೆ ಏನು ಕೊಡೋದು, ಇದನ್ನು ಮಾರಿ ಆ ಗುಂಡಿಗೆ ಒಂದು ಗಂಡೆದೆಯ ವಾಚು ತಂದು ಅದನ್ನೇ ಕೊಟ್ಟರಾಯಿತು ಎಂದುಕೊಂಡೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಪೇಟೆಯ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಹಳೇ ವಾಚು ಮಾರುವವನೊಬ್ಬನಿದ್ದಾನೆ. ಸದಾ ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡಿರುತ್ತಾನೆ, ಅದಕ್ಕೇ ಅವನಿಗೆ ನಾವು ಭೂತಗನ್ನಡಿ ಅನ್ನುತ್ತೇವೆ. ಅವನು ಅಪ್ಪನ ಗಡಿಯಾರವನ್ನು ಎರಡು ಬೆರಳಲ್ಲಿ ಸತ್ತ ಇಲಿ ಹಿಡಿದ ಹಾಗೆ ಹಿಡಿದು, "ನಿಮ್ಮ ಮುಖ ನೋಡಿ ತಗೋತೀನಿ ಯಜಮಾನ್ರೇ" ಅಂದ. ಚಿಲ್ಲರೆ ಕೊಟ್ಟ, ನನ್ನ ಗುಂಡಿ ಖಾಲಿಯೇ ಉಳಿಯಿತು. ಇದು ಏಳು ತಿಂಗಳ ಹಿಂದಿನ ಮಾತು.

ನಿನ್ನ ಮೊದಲ ಕಾಗದ ಬಂದ ದಿನ ಅವನ ಅಂಗಡಿಗೆ ಓಡಿದೆ. "ಅಯ್ಯೋ, ಅದು ಆವಾಗ್ಲೇ ಹೋಯ್ತಲ್ಲ" ಅಂದ. ವಾರಕ್ಕೆರಡು ಸಲ ಹೋದೆ, ಅದೇ ಮಾತು. ನಿನ್ನ ಎರಡನೇ ಕಾಗದ ಬಂದ ಮೇಲೆ ಮತ್ತೆ ಹೋದಾಗ ಒಳಗಿನಿಂದ ಒಂದು ಡಬ್ಬಿ ತಂದು, ಬಾಗಿಲು ಅರ್ಧ ಮುಚ್ಚಿ, ಪಿಸುಗುಟ್ಟಿದ: "ಇದನ್ನ ಯಾರಿಗೂ ತೋರಿಸಿಲ್ಲ. ಹಡಗಿನ ಕಪ್ತಾನರಿಗೆ ಅಂತಲೇ ಮಾಡಿದ್ದು. ಪ್ರಪಂಚದಲ್ಲಿ ಇರೋದೇ ನಲವತ್ತು. ನಿಮ್ಮಂಥ ಕಿವಿ ಇರೋರಿಗೆ ಮಾತ್ರ."

ಕಪ್ಪು ಮುಖ, ನೀಲಿ ಮುಳ್ಳು, ಕನ್ನಡಿಯ ಹಾಗೆ ಹೊಳೆಯುವ ಉಕ್ಕು. ಕಿವಿಗಿಟ್ಟುಕೊಂಡೆ. ನಿನ್ನಾಣೆ, ಮೈ ಜುಂ ಅಂದಿತು. ಯಾವುದೋ ಗುರುತಿನ ದನಿ. ಗಡಿಯಾರದ ಜಾತಿ ಒಳ್ಳೆಯದಿದ್ದರೆ ಹೀಗೇ ಅನ್ನಿಸೋದು ಎಂದು ಅವನಿಗೇ ಪಾಠ ಮಾಡಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಈಗ ಗೊತ್ತಾಗುತ್ತದೆ, ನಗು ತಡೆಯಲು ತಗ್ಗಿಸಿದ್ದ. ಅಜ್ಜನದಕ್ಕೆ ಬದಲಾಗಿ ಇದನ್ನೇ ನಿನಗೆ ಕೊಡುವುದೆಂದು ಸ್ವಲ್ಪ ದುಡ್ಡು ಕೊಟ್ಟು ತಂದೆ. ಸ್ವಲ್ಪ ಅಂದರೆ ಸ್ವಲ್ಪ, ಬಿಡು.

ಕಳಿಸುವ ಮುಂಚೆ ನಾಲ್ಕು ದಿನ ಕಟ್ಟಿ ಮೆರೆಯೋಣ ಅನ್ನಿಸಿತು. ಬಸ್ ನಿಲ್ದಾಣದಲ್ಲಿ ಬಸ್ಸು ಬಿಡುವ ಹೊತ್ತು ಕೂಗುವವನು ನಾನು. ಗೋಡೆ ಗಡಿಯಾರ ನಂಬಬೇಡಿ, ನನ್ನ ಕೈ ನಂಬಿ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವನು. ಈ ಕಪ್ತಾನ ದಿನಕ್ಕೆ ನಾಲ್ಕು ನಿಮಿಷ ಹಿಂದೆ! ನಾನು ಗೋಡೆ ಗಡಿಯಾರವೇ ಮುಂದೆ ಎಂದು ವಾದಿಸಿದೆ. ಮೂರನೇ ದಿನಕ್ಕೆ ಏಳೂವರೆಯ ಬಸ್ಸು ಹನ್ನೆರಡು ನಿಮಿಷ ತಡವಾಗಿ ಹೊರಟಿತು. ಜನ ಬಸ್ಸಿನ ತಗಡು ಬಡಿದರು. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಕಪ್ತಾನ್ರೇ, ಹಡಗು ಬಿಡ್ಲಾ, ಇಲ್ಲ ನೀರು ಬರೋವರೆಗೂ ಕಾಯ್ಲಾ?" ಅಂದ. ನಿಲ್ದಾಣವೆಲ್ಲ ನಕ್ಕಿತು.

ಸಂಜೆ ರಿಪೇರಿ ತಾತನ ಹತ್ತಿರ ಹೋದೆ. ಅಜ್ಜನ ಕಾಲದಿಂದ ನಮ್ಮ ಮನೆಯ ವಾಚುಗಳನ್ನೆಲ್ಲ ನೋಡುವವರು ಅವರೇ. ಹಿಂಬದಿಯ ಮುಚ್ಚಳ ತೆಗೆದರು. ಅದರ ಒಳಮೈ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಮುಚ್ಚಳ ನೋಡಿದರು.

"ಇದನ್ನ ಎಲ್ಲಿಂದ ತಂದೆಯಪ್ಪಾ?"

"ಕಪ್ತಾನರದು ತಾತ, ನಲವತ್ತೇ ಇರೋದು" ಅಂದೆ.

"ಮೂವತ್ತೊಂಬತ್ತು ಎಲ್ಲಿದಾವೋ ಗೊತ್ತಿಲ್ಲ. ಇದು ನಿಮ್ಮಪ್ಪಂದು."

ರಿಪೇರಿ ಮಾಡುವವರು ಪ್ರತಿ ಸಲ ಮುಚ್ಚಳದ ಒಳಗೆ ಸೂಜಿಯಿಂದ ತಾರೀಖು ಗೀಚುತ್ತಾರೆ. ಅಲ್ಲಿ ತಾತನ ಕೈಬರಹದ ಮೂರು ಸಾಲು ಇತ್ತು. ಮೂರನೆಯದು ನೀನು ಹುಟ್ಟಿದ ಮಾರನೇ ದಿನದ್ದು. ಪಕ್ಕದಲ್ಲಿ "ಮೊಮ್ಮಗಳು, ಮೂರು ಕೆ.ಜಿ." ಎಂದಿದೆ. ಆಸ್ಪತ್ರೆಯ ವರಾಂಡದಲ್ಲಿ ಸಂತೋಷಕ್ಕೆ ಕೈ ಬೀಸಿ ಗಡಿಯಾರ ಕಂಬಕ್ಕೆ ಬಡಿದುಕೊಂಡಿದ್ದನಂತೆ ಅಪ್ಪ. "ರಿಪೇರಿ ಮುಗಿಯೋವರೆಗೂ ಮೂರು ಕೆ.ಜಿ., ಮೂರು ಕೆ.ಜಿ. ಅಂತ ತಲೆ ತಿಂದ. ಬಾಯಿ ಮುಚ್ಚಲಿ ಅಂತ ಗೀಚಿದೆ" ಎಂದರು ತಾತ. ಗಡಿಯಾರ ಸತ್ತಿರಲೇ ಇಲ್ಲ, ಎಣ್ಣೆ ಆರಿತ್ತು ಅಷ್ಟೇ. ಭೂತಗನ್ನಡಿ ಗಾಜು ಬದಲಿಸಿ, ಮುಖ ಬದಲಿಸಿ, ಮುಳ್ಳು ಬದಲಿಸಿ, ಮೈ ಉಜ್ಜಿ, ಎಣ್ಣೆಯಲ್ಲಿ ಜಿಪುಣತನ ಮಾಡಿ, ನನ್ನಪ್ಪನನ್ನೇ ನನಗೆ ಮಾರಿದ್ದ.

ಹೋಗಿ ಅವನ ಕೊರಳಪಟ್ಟಿ ಹಿಡಿಯೋಣ ಎಂದು ಹೋದೆ. ಅವನು ಕಣ್ಣಿನ ಗಾಜು ತೆಗೆಯದೆ, "ಕಿವಿಗಿಟ್ಟು ಗುರುತು ಹಿಡಿದೋರು ನೀವೇ ಅಲ್ವಾ ಯಜಮಾನ್ರೇ?" ಅಂದ. ಪೊಲೀಸರಿಗೆ ಹೇಳಿದರೆ ಅವರೂ ಮೊದಲು ಅದನ್ನೇ ಕೇಳುತ್ತಾರೆ. ನಿನ್ನತ್ತೆಯಂತೂ ಅನ್ನದ ತಟ್ಟೆ ಇಡುವಾಗೆಲ್ಲ, "ಇದು ನಮ್ಮನೇದೇ ತಟ್ಟೆ ರೀ, ಕಿವಿಗಿಟ್ಟು ನೋಡ್ಕೊಳ್ಳಿ" ಅನ್ನುತ್ತಾಳೆ. ಮೈಯೆಲ್ಲ ಉರಿಯುತ್ತದೆ ಗುಬ್ಬಚ್ಚಿ. ಅವನ ಮೇಲೋ ನನ್ನ ಮೇಲೋ ತಿಳಿಯುತ್ತಿಲ್ಲ. ಅಪ್ಪನ ಎದೆಯ ಮೇಲೆ ಮಲಗಿ ಆ ಟಿಕ್ ಟಿಕ್ ಕೇಳಿ ಬೆಳೆದವನು ನಾನು. ಗುರುತಿನ ದನಿ ಅನ್ನಿಸಿತ್ತಲ್ಲ, ಅಲ್ಲೇ ನಿಂತು ಒಂದು ಗಳಿಗೆ ಯೋಚಿಸಿದ್ದರೆ!

ತಾತ ಎಣ್ಣೆ ಹಾಕಿ ಸರಿ ಮಾಡಿದ್ದಾರೆ. ಹಳೆಯ ಮುಖ, ಮುಳ್ಳು ಸಿಗಲಿಲ್ಲ; ಭೂತಗನ್ನಡಿ ಎಸೆದುಬಿಟ್ಟಿದ್ದಾನೆ. ಹೊರಗೆ ಕಪ್ತಾನ, ಒಳಗೆ ಅಜ್ಜ, ಹಾಗೇ ಕಟ್ಟಿಕೋ. ಸೆಕೆಂಡಿನ ಮುಳ್ಳು ಖಡಕ್ಕಾಗಿದೆ. ನನ್ನ ನಾಡಿಯನ್ನೇ ಎಣಿಸಿ ನೋಡಿದೆ, ಎಪ್ಪತ್ತೆರಡು. ಭೂತಗನ್ನಡಿಯನ್ನು ನೆನೆಸಿಕೊಂಡು ಎಣಿಸಿದೆ, ತೊಂಬತ್ತೆಂಟು. ಈ ಕಾಗದ ತರುವ ಡ್ರೈವರನ ಕೈಯಲ್ಲೇ ಗಡಿಯಾರವೂ ಇದೆ. ನನ್ನನ್ನು ಕಪ್ತಾನ ಅಂದವನು ಅವನೇ. ಅವನು ನಕ್ಕರೆ ನೀನು ನಗಬೇಡ.

ಮುಂದಿನ ಕಾಗದದಲ್ಲಿ "ಪ್ರೀತಿಯ" ಅಂತ ಬರೆಯಲೇಬೇಕೆಂದೇನಿಲ್ಲ. ಬರೆದರೆ ಬೇಡ ಅನ್ನುವುದಿಲ್ಲ.

ಇಂತಿ,
ಸೂರ್ಯನನ್ನೂ ಗದರಿಸುವ,
ನಿನ್ನ ಎರಡು ಕೈ ಮಾವ

ತಾ.ಕ.: ಅತ್ತೆ ನೀರು ತರಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಈ ತುಂಡನ್ನು ಓದಿ ಹರಿದುಬಿಡು. ಕಪ್ತಾನನ ಬೆಲೆ ಅವಳಿಗೆ ನಾಲ್ಕು ಸಾವಿರ ಅಂದಿದ್ದೇನೆ. ಪೆಟ್ಟಿಗೆ ಯಾಕೆ ಖಾಲಿ ಎಂದು ಕೇಳಿದಾಗ ಹನ್ನೊಂದೂ ಎಣ್ಣೆಗೆ ಹೋಗಿವೆ ಅಂದೆ. ಹತ್ತು ಹೋಗಿದ್ದು ಭೂತಗನ್ನಡಿಯ ಕಪಾಟಿಗೆ. ಉಳಿದದ್ದು ಬಲಗೈಯದೊಂದೇ, ಅದನ್ನು ಅಂಗಿಯ ತೋಳಿನೊಳಗೆ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದೇನೆ. ನಿನ್ನ ಅಜ್ಜನನ್ನು ನಾನು ಮಾರಿದ್ದು ಆರುನೂರಕ್ಕೆ. ಬಿಡಿಸಿಕೊಂಡಿದ್ದು ಆ ಹತ್ತು ವಾಚು, ಅದರ ಮೇಲೆ ನಲವತ್ತೊಂದು ಸಾವಿರದ ಐನೂರು.